ಸಂತಾಪದ ಕೆಳಗೆ ಉಳಿದ ಸುದ್ದಿ

ಸಾವಿನ ಸುದ್ದಿ ಬಂದ ದಿನ ನಮ್ಮ ಸಂಸ್ಥೆಯ ಮೊಬೈಲ್ ಗ್ರೂಪಿನಲ್ಲಿ ಬೇರೆ ಯಾವ ಮಾತೂ ಬರುತ್ತಿರಲಿಲ್ಲ. ಇದನ್ನು ಯಾರೂ ನಿಯಮವೆಂದು ಬರೆದಿಟ್ಟಿರಲಿಲ್ಲ, ಯಾವ ಸಭೆಯಲ್ಲೂ ಮಂಡಿಸಿರಲಿಲ್ಲ. ಆದರೂ ನಾವು ಬರೆದಿಟ್ಟ ಎಲ್ಲ ನಿಯಮಗಳಿಗಿಂತ ಹೆಚ್ಚು ನಿಷ್ಠೆಯಿಂದ ಪಾಲನೆಯಾಗುತ್ತಿದ್ದುದು ಅದೇ. ಒಮ್ಮೆ ಸದಸ್ಯರೊಬ್ಬರ ಸೋದರಮಾವ ತೀರಿಕೊಂಡ ಸುದ್ದಿಯ ಕೆಳಗೆ, ಸಾಲಾಗಿ ಬಂದ ಕೈಮುಗಿದ ಚಿತ್ರಗಳನ್ನು ಗಮನಿಸದೆ, ಇನ್ನೊಬ್ಬರು ತಮ್ಮ ಹಿತ್ತಲಿನ ಹಲಸಿನ ಹಣ್ಣಿನ ಫೋಟೋ ಹಾಕಿ, ಬೇಕಾದವರು ಬಂದು ಒಯ್ಯಬಹುದೆಂದು ಬರೆದುಬಿಟ್ಟರು. "ಸ್ವಲ್ಪ ಮೇಲೆ ನೋಡ್ಕೊಂಡು ಹಾಕ್ರೀ" ಎಂಬ ಒಂದೇ ಸಾಲು ಯಾರಿಂದಲೋ ಬಂತು. ಫೋಟೋ ಹಾಕಿದವರು ಅದನ್ನು ಅಳಿಸಿದರು, ಕ್ಷಮೆ ಕೇಳಿದರು, ಬಳಿಕ ಬಹಳ ಕಾಲ ಗ್ರೂಪಿನಲ್ಲಿ ಬಾಯಿಯನ್ನೇ ಬಿಡಲಿಲ್ಲ. ಅಂದಿನಿಂದ ಯಾರದೇ ಮನೆಯಲ್ಲಿ ಸಾವಾದರೂ ಆ ದಿನ ಸಂತಾಪದ ಹೊರತು ಮತ್ತೇನೂ ಬರುವುದಿಲ್ಲವೆಂಬುದು ರೂಢಿಯಾಯಿತು.

ನಾನು ಆ ರೂಢಿಯನ್ನು ಹೀಗಳೆಯಲು ಇದನ್ನು ಬರೆಯುತ್ತಿಲ್ಲ. ಸತ್ತವರ ಹೆಸರಿನ ಕೆಳಗೆ ಹಲಸಿನ ಹಣ್ಣು ಬೇಡವೆನ್ನುವ ಜನರ ನಡುವೆ ಬದುಕುತ್ತಿರುವುದು ನನಗೆ ಸಮಾಧಾನದ ಸಂಗತಿಯೇ. ಆದರೆ ಆ ಸೌಜನ್ಯದಿಂದಲೇ ಒಬ್ಬ ಹುಡುಗಿಯ ವರ್ಷವೊಂದು ಕೈತಪ್ಪುವುದರಲ್ಲಿತ್ತು. ತಪ್ಪಲಿಲ್ಲ. ಹಾಗಾಗಿಯೇ ಇಂದು ಇದನ್ನು ನೆಮ್ಮದಿಯಿಂದ ನೆನೆಯಬಲ್ಲೆ.

ನಮ್ಮದು ಚಿಕ್ಕ ಸಂಸ್ಥೆ. ಕಣ್ಣು ಕಾಣದ ವಿದ್ಯಾರ್ಥಿಗಳು ಪರೀಕ್ಷಾ ಕೊಠಡಿಯಲ್ಲಿ ಬಾಯಿಯಲ್ಲಿ ಹೇಳುವ ಉತ್ತರವನ್ನು ಕೇಳಿ ಬರೆದುಕೊಡುವವರನ್ನು ಒದಗಿಸುವುದು ನಮ್ಮ ಕೆಲಸ. ಜಯಲಕ್ಷ್ಮಿಪುರಂನಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಮನೆಯ ಹಿಂಬದಿಯ ಕೋಣೆಯೇ ನಮ್ಮ ಕಚೇರಿ. ಸಂಸ್ಥೆಯನ್ನು ಕಟ್ಟಿದವರೂ ಅವರೇ. ಊರಿನ ಹೊಲಗದ್ದೆಗಳನ್ನು ತಮ್ಮಂದಿರಿಗೆ ಬಿಟ್ಟು ಮೈಸೂರಿಗೆ ಬಂದು, ಮೂರು ತಲೆಮಾರಿನ ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸಿದವರು. ನಾನು ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಸಂಜೆಯ ಹೊತ್ತು ಆ ಕೋಣೆಗೆ ಹೋಗಿ, ಯಾರ ಪರೀಕ್ಷೆಯನ್ನು ಯಾರು ಬರೆಯಬೇಕೆಂದು ಹೊಂದಿಸಲು ಮೇಷ್ಟ್ರಿಗೆ ನೆರವಾಗುತ್ತಿದ್ದೆ.

ಹೊಂದಿಸುವುದು ಮೇಲ್ನೋಟಕ್ಕೆ ಕಾಣುವಷ್ಟು ಸುಲಭವಲ್ಲ. ಬರೆಯುವವರು ಪರೀಕ್ಷಾರ್ಥಿಗಿಂತ ಕೆಳಗಿನ ತರಗತಿಯವರಾಗಿರಬೇಕು. ಅವರ ಫೋಟೋ ಅಂಟಿಸಿದ ಪತ್ರಕ್ಕೆ ಪರೀಕ್ಷಾ ಕೇಂದ್ರದ ಒಪ್ಪಿಗೆ ಬೇಕು. ಕನ್ನಡ ಮಾಧ್ಯಮದವರಿಗೆ ಕನ್ನಡದಲ್ಲಿ ಬೇಗ ಬರೆಯುವವರು ಬೇಕು. ಇವೆಲ್ಲ ಕೂಡಿಬಂದ ಮೇಲೆ, ಪರೀಕ್ಷೆಗೆ ಎರಡು ದಿನ ಮುಂಚೆ ಮೇಷ್ಟ್ರು ತಮ್ಮ ಕೈಯಾರೆ ಗ್ರೂಪಿನಲ್ಲಿ ಹಾಕುತ್ತಿದ್ದರು: ಯಾರಿಗೆ, ಯಾರು, ಎಲ್ಲಿ, ಎಷ್ಟು ಹೊತ್ತಿಗೆ. ಓದಿದವರು ಬರುತ್ತಿದ್ದರು. ಮರುತ್ತರ ಕೊಡಬೇಕಾಗಿರಲಿಲ್ಲ.

ಈ ಮರುತ್ತರದ ವಿಷಯದಲ್ಲಿ ನನಗೂ ಅವರಿಗೂ ಹಳೆಯ ಜಗಳವಿತ್ತು. ನಾನು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು. ಎದುರಾಳಿ ಉತ್ತರಿಸದೆ ಬಿಟ್ಟ ಅಂಶವನ್ನು ಅವರು ಒಪ್ಪಿಕೊಂಡಂತೆ ಎಣಿಸಬೇಕೆಂದು ಅಲ್ಲಿ ಕಲಿಸಿದ್ದರು. ಆದರೆ ಗ್ರಂಥಾಲಯದ ಕೆಲಸ ಅದಕ್ಕೆ ತದ್ವಿರುದ್ಧವಾದುದನ್ನು ಕಲಿಸಿತು. ಕಪಾಟಿನಲ್ಲಿ ಪುಸ್ತಕ ಕಾಣದಿದ್ದರೆ ಅದು ಯಾರ ಬಳಿಯಾದರೂ ಇರಬಹುದು, ತಪ್ಪು ಸಾಲಿನಲ್ಲಿರಬಹುದು, ಕಳೆದೇ ಹೋಗಿರಬಹುದು; ಖಾಲಿ ಜಾಗ ತಾನಾಗಿ ಯಾವುದನ್ನೂ ಹೇಳುವುದಿಲ್ಲ. ಆದ್ದರಿಂದ ಬರೆಯಲು ಹೋಗುವ ಪ್ರತಿಯೊಬ್ಬರೂ ಹಿಂದಿನ ದಿನ ಗ್ರೂಪಿನಲ್ಲಿ ಒಂದು ಮಾತು ಹಾಕಬೇಕೆಂದು, ಗ್ರೂಪನ್ನು ವಿಷಯವಾರು ನಾಲ್ಕಾಗಿ ಒಡೆಯಬೇಕೆಂದು, ಬಣ್ಣಬಣ್ಣದ ಗುರುತುಗಳಿರಬೇಕೆಂದು ಒಂದು ಸಂಜೆ ಸವಿಸ್ತಾರವಾಗಿ ವಾದಿಸಿದೆ.

ಮೇಷ್ಟ್ರು ಪೂರ್ತಿ ಕೇಳಿಸಿಕೊಂಡರು. ಅವರು ಯಾರ ಮಾತನ್ನೂ ನಡುವೆ ತಡೆದವರಲ್ಲ.

"ಮುಗೀತಾ ಕಣಮ್ಮ?"

"ಮುಗೀತು ಸರ್."

"ಚೆನ್ನಾಗ್ ಮಾತಾಡ್ತೀಯ. ಬಹುಮಾನ ನಿಂಗೇ. ಆದ್ರೆ ನಂಗೆ ನಾಲ್ಕ್ ಕಡೆ ನೋಡೋಕಾಗಲ್ಲ, ಎಲ್ಲಾ ಒಂದೇ ಕಡೆ ಇರ್ಲಿ. ಇನ್ನೊಂದ್ ಮಾತು. ಪುಕ್ಕಟೆ ಬಂದು ಬರ್ಕೊಡೋ ಮಕ್ಕಳನ್ನ ನಾಳೆ ಬರ್ತೀಯಾ, ದಿಟವಾಗ್ಲೂ ಬರ್ತೀಯಾ ಅಂತ ಮತ್ತೆ ಕೇಳೋದು ಅವಮಾನ ಮಾಡ್ದಂಗೆ. ಒಪ್ಕೊಂಡೋರ್ನ ನಂಬ್ಬೇಕು."

ಪಕ್ಕದಲ್ಲೇ ಕುಳಿತಿದ್ದವರು ಬೋಗಾದಿ ರಸ್ತೆಯಲ್ಲಿ ಜೆರಾಕ್ಸ್ ಅಂಗಡಿ ನಡೆಸುವವರು; ನಮ್ಮ ಒಪ್ಪಿಗೆ ಪತ್ರಗಳನ್ನೆಲ್ಲ ಅಚ್ಚು ಹಾಕಿಕೊಡುತ್ತಿದ್ದವರು. ಅವರಿಗೆ ನನ್ನನ್ನು ರೇಗಿಸುವುದೆಂದರೆ ಖುಷಿ. "ಬಣ್ಣ ಗಿಣ್ಣ ಎಲ್ಲಾ ಯಾಕ್ ಮೇಡಂ? ಕಲರ್ ಪ್ರಿಂಟ್‌ಗೆ ರೇಟ್ ಜಾಸ್ತಿ" ಎಂದರು. ಎಲ್ಲರೂ ನಕ್ಕರು. ಮೇಷ್ಟ್ರ ಮನೆಯವರು, ನಾವೆಲ್ಲ ಅಮ್ಮ ಎಂದು ಕರೆಯುತ್ತಿದ್ದವರು, ಕಾಫಿ ತಂದಿಟ್ಟರು. ನನ್ನ ಪ್ರಸ್ತಾಪ ಕಾಫಿಯ ಜೊತೆಗೆ ಮುಗಿಯಿತು.

ಆ ವರ್ಷ ನಮ್ಮ ಬಳಿಗೆ ಬರುತ್ತಿದ್ದ ವಿದ್ಯಾರ್ಥಿಗಳಲ್ಲಿ ಬೋಗಾದಿಯಲ್ಲಿ ಬಾಡಿಗೆ ಕೋಣೆಯಲ್ಲಿದ್ದ ಒಬ್ಬ ಹುಡುಗಿ ಬಿ.ಎ. ಕೊನೆಯ ವರ್ಷದಲ್ಲಿದ್ದಳು. ಹುಟ್ಟಿನಿಂದ ಕಣ್ಣಿಲ್ಲ. ಮಾತು ಮಾತ್ರ ಬಹಳ ಚುರುಕು. ಅವಳಿಗೆ ಬಿ.ಎಡ್. ಮಾಡಿ ಶಾಲೆಯಲ್ಲಿ ಇತಿಹಾಸ ಕಲಿಸಬೇಕೆಂಬ ಆಸೆ. ಮನೆಯವರು ಒಂದು ಷರತ್ತಿನ ಮೇಲೆ ಒಪ್ಪಿದ್ದರು: ಈ ವರ್ಷವೇ ಎಲ್ಲ ಪತ್ರಿಕೆಗಳೂ ಪಾಸಾಗಬೇಕು. ಒಂದು ಉಳಿದರೂ ಊರಿಗೆ ವಾಪಸ್ಸು, ಮತ್ತೆ ಓದಿನ ಮಾತು ಎತ್ತಬಾರದು. "ನಮ್ಮಪ್ಪ ಮಾತು ಕೊಟ್ರೆ ತಪ್ಪಲ್ಲ ಮೇಡಂ. ಅದೇ ನಂಗೆ ಭಯ" ಎಂದು ಅವಳು ನಗುತ್ತ ಹೇಳಿದ್ದಳು. ಉಳಿದಿದ್ದುದು ಇತಿಹಾಸದ ಒಂದೇ ಪತ್ರಿಕೆ. ಅದನ್ನು ಬರೆಯಲು ಇಲವಾಲದಿಂದ ಪಿಯುಸಿ ಓದುವ ಹುಡುಗಿಯೊಬ್ಬಳು ಬರಬೇಕಿತ್ತು. ಅವಳ ಅಕ್ಷರ ದುಂಡಗಿತ್ತು, ಹೊತ್ತಿಗೆ ಮುಂಚೆ ಬರುವವಳು, ಹಿಂದಿನ ಪತ್ರಿಕೆಗಳನ್ನೆಲ್ಲ ಅವಳೇ ಬರೆದಿದ್ದಳು. ಎರಡು ದಿನ ಮುಂಚೆ ಮೇಷ್ಟ್ರು ಎಂದಿನಂತೆ ಗ್ರೂಪಿನಲ್ಲಿ ಇಬ್ಬರ ಹೆಸರು, ಕೇಂದ್ರ, ಹೊತ್ತು ಹಾಕಿದರು.

ಅದೇ ಅವರ ಕೊನೆಯ ಸಂದೇಶವಾಯಿತು. ಮರುದಿನ ಬೆಳಗ್ಗೆ ಸ್ನಾನ ಮುಗಿಸಿ ಪೇಪರ್ ಓದಲು ಕುಳಿತವರು ಹಾಗೆಯೇ ಒರಗಿದರಂತೆ. ಆಸ್ಪತ್ರೆಗೆ ಕರೆದೊಯ್ಯುವ ಮೊದಲೇ ಮುಗಿದಿತ್ತು.

ಸುದ್ದಿ ಗ್ರೂಪಿಗೆ ಬಂದ ಕೂಡಲೇ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ಅವರ ವಿದ್ಯಾರ್ಥಿಗಳು, ಅವರ ವಿದ್ಯಾರ್ಥಿಗಳ ಮಕ್ಕಳು, ಎಂದೂ ಒಂದಕ್ಷರ ಹಾಕದವರು, ಹಲಸಿನ ಹಣ್ಣಿನ ಯಜಮಾನರು, ಎಲ್ಲರೂ ಬರೆದರು. ಬೆರಳಿನಿಂದ ಎಷ್ಟು ಸರಿಸಿದರೂ ಅದೇ. ಮೇಷ್ಟ್ರ ಹಿಂದಿನ ದಿನದ ಸಂದೇಶ ಅದೆಲ್ಲದರ ಆಚೆಗೆ, ಕಾಣದಷ್ಟು ಮೇಲೆ ಸರಿದುಹೋಗಿತ್ತು. ನಾನು ರಜೆ ಹಾಕಿ ಅವರ ಮನೆಗೆ ಹೋದೆ. ಜೆರಾಕ್ಸ್ ಅಂಗಡಿಯವರು ಬಾಗಿಲು ಎಳೆದು ಬಂದಿದ್ದರು. ಶಾಮಿಯಾನ, ಕುರ್ಚಿ, ನೀರು, ಎಲ್ಲದಕ್ಕೂ ಓಡಾಡುತ್ತಿದ್ದುದು ಅವರೇ. ಸಾವಿನ ಮನೆಯಲ್ಲಿ ಫೋನ್ ಹಿಡಿದು ನಿಲ್ಲಬಾರದೆಂದು ಅದನ್ನು ಸ್ಕೂಟರಿನ ಡಿಕ್ಕಿಯಲ್ಲಿ ಹಾಕಿ ಬೀಗ ಹಾಕಿದ್ದರು. ನಾನೂ ನನ್ನದನ್ನು ಸದ್ದಿಲ್ಲದಂತೆ ಮಾಡಿ ಕೈಚೀಲದ ತಳಕ್ಕೆ ಇಳಿಸಿದ್ದೆ. ಸಂಜೆ ಸಂಸ್ಕಾರ ಮುಗಿಯಿತು. ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು ಮಲಗಿದೆ.

ಬೆಳಗ್ಗೆ ಕಾಫಿ ಸೋಸುತ್ತಿದ್ದಾಗ ಫೋನ್ ಬಂತು. ಇಲವಾಲದ ಹುಡುಗಿಯ ತಾಯಿ.

"ಮೇಡಂ, ತಪ್ ತಿಳ್ಕೋಬೇಡಿ. ನನ್ ಮಗ್ಳು ನೆನ್ನೆ ಮಧ್ಯಾಹ್ನ ಸೈಕಲ್‌ನಿಂದ ಬಿದ್ಬುಟ್ಟಿದ್ದಾಳೆ. ಬಲಗೈ ಮಣಿಕಟ್ಟಿಗೆ ಪಟ್ಟಿ ಕಟ್ಟವ್ರೆ. ಬರೆಯೋಕಾಗಲ್ಲ."

"ನೆನ್ನೆ ಮಧ್ಯಾಹ್ನಾನಾ?"

"ಊಂ. ಗ್ರೂಪಲ್ಲಿ ಹಾಕಾಣ ಅಂತ ಎಡಗೈಲಿ ಬರ್ದಿದ್ಲು. ನೋಡಿದ್ರೆ ಎಲ್ಲಾ ಕೈ ಮುಗ್ದವ್ರೆ. ಅದರ ಕೆಳಗೆ ಇವ್ಳ ಕೈ ವಿಷ್ಯ ಎಂಗಾಕೋದು ಅಂತ ಅಳಿಸ್ಬುಟ್ಲು. ಜೆರಾಕ್ಸ್ ಅಂಗ್ಡಿಯೋರ್ಗೆ ಮಾಡುದ್ಲು, ಎತ್ಲಿಲ್ಲ. ನಾನೇ ಅಂದೆ, ಆ ಮನೇಲಿ ಹೆಣ ಇನ್ನೂ ಎತ್ತಿಲ್ಲ, ಈಗ ಬೇಡ, ಬೆಳಗ್ಗೆ ಹೇಳೀವಂತೆ ಅಂತ."

ಆ ತಾಯಿಯ ಮಾತಿನಲ್ಲಿ ನಾನು ತಪ್ಪೆಂದು ಬೆರಳಿಟ್ಟು ತೋರಿಸಬಹುದಾದ ಒಂದು ಸಾಲೂ ಇರಲಿಲ್ಲ. ಅವರ ಜಾಗದಲ್ಲಿದ್ದರೆ ನನ್ನ ತಾಯಿಯೂ ಹಾಗೆಯೇ ಹೇಳುತ್ತಿದ್ದರು. ನನ್ನ ನಾಲ್ಕು ಗ್ರೂಪುಗಳ ಯೋಜನೆ ಜಾರಿಯಲ್ಲಿದ್ದರೂ ನಾಲ್ಕರಲ್ಲೂ ಕೈಮುಗಿದ ಚಿತ್ರಗಳೇ ಇರುತ್ತಿದ್ದವು, ನಾಲ್ಕರಲ್ಲೂ ಆ ಹುಡುಗಿ ಬರೆದು ಅಳಿಸುತ್ತಿದ್ದಳು. ಮಾಹಿತಿ ಎಲ್ಲಿಗೆ ಹೋಗಬೇಕೆಂದು ನಾನು ಬಹಳ ಯೋಚಿಸಿದ್ದೆ. ಅದನ್ನು ಹೇಳಲು ಬಾಯಿ ಏಕೆ ಬರುವುದಿಲ್ಲವೆಂದು ಯೋಚಿಸಿರಲಿಲ್ಲ.

ಪರೀಕ್ಷೆ ಅಂದೇ ಬೆಳಗ್ಗೆ. ಉಳಿದ ಹೊತ್ತು ಬಹಳ ಕಡಿಮೆ. ನಾನು ಗ್ರೂಪು ತೆರೆದೆ. ರಾತ್ರಿಯಿಡೀ ಸಂತಾಪಗಳು ಬಂದಿದ್ದವು, ಆಗಲೂ ಬರುತ್ತಿದ್ದವು. ಬೆರಳು ಒಂದು ಕ್ಷಣ ನಿಂತಿತು ಎಂಬುದನ್ನು ಮುಚ್ಚಿಡುವುದಿಲ್ಲ. ನಂತರ ಬರೆದೆ: ಇಂದು ಬೆಳಗಿನ ಇತಿಹಾಸ ಪತ್ರಿಕೆಗೆ ಬರೆಯಬೇಕಾದ ಹುಡುಗಿಯ ಕೈಗೆ ಪೆಟ್ಟಾಗಿದೆ, ಪಿಯುಸಿ ಓದುವ ಯಾರಾದರೂ ತಕ್ಷಣ ಬರಬಲ್ಲಿರಾ, ಕೇಂದ್ರ ಇಂಥಲ್ಲಿ. ಕಳುಹಿಸಿದೆ.

ಓದಿದ ಗುರುತುಗಳು ಒಂದೊಂದಾಗಿ ಹೆಚ್ಚಿದವು. ಯಾರೂ ಏನೂ ಹೇಳಲಿಲ್ಲ. ಕೆಳಗೆ ಇನ್ನೂ ಮೂರು ಕೈಮುಗಿದ ಚಿತ್ರಗಳು ಬಂದವು. ಆಮೇಲೆ ಹಿರಿಯ ಸದಸ್ಯರೊಬ್ಬರು ಬರೆದರು: "ಮೇಷ್ಟ್ರ ಚಿತೆಯ ಬಿಸಿ ಆರಿಲ್ಲ. ಈ ಹೊತ್ತಿನಲ್ಲಿ ಇದು ಬೇಕಿತ್ತೇ?"

ಆ ಪ್ರಶ್ನೆಗೆ ನನ್ನ ಬಳಿ ಉತ್ತರಗಳಿದ್ದವು. ವೇದಿಕೆಯ ಮೇಲಾಗಿದ್ದರೆ ಒಂದೊಂದಾಗಿ ಹೇಳುತ್ತಿದ್ದೆ. ಹೇಳುತ್ತ ಕೂರಲು ಹೊತ್ತಿರಲಿಲ್ಲ. ಜೆರಾಕ್ಸ್ ಅಂಗಡಿಯವರಿಗೆ ಫೋನ್ ಮಾಡಿ ಖಾಲಿ ಒಪ್ಪಿಗೆ ಪತ್ರವೊಂದನ್ನು ಅಚ್ಚು ಹಾಕಿ ಕೇಂದ್ರಕ್ಕೆ ತರಲು ಹೇಳಿದೆ.

"ಹೆಸ್ರು ಯಾರ್ದು ಹಾಕ್ಲಿ ಮೇಡಂ?"

"ಹೆಸ್ರು ಇನ್ನೂ ಸಿಕ್ಕಿಲ್ಲ."

"ಅಂಗಾದ್ರೆ ಹೆಸ್ರಿಲ್ದೆ ತರ್ತೀನಿ. ನೀವು ಹೊರಡಿ" ಎಂದರು. ಅಂದು ಅವರು ನನ್ನನ್ನು ರೇಗಿಸಲಿಲ್ಲ.

ಕೇಂದ್ರದ ಮೆಟ್ಟಿಲ ಪಕ್ಕ, ಮಡಿಚಿದ ಬಿಳಿಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹುಡುಗಿ ನಿಂತಿದ್ದಳು. ನಾನು ಹತ್ತಿರ ಹೋಗಿ ಏನು ಹೇಳಬೇಕೆಂದು ಯೋಚಿಸುವಷ್ಟರಲ್ಲಿ ಅವಳೇ ಮಾತಾಡಿದಳು.

"ಮೇಡಂ ಅಲ್ವಾ? ನಿಮ್ಮ ಚಪ್ಪಲಿ ಸದ್ದು. ಪರೀಕ್ಷೆ ದಿನ ನೀವು ಬರೋರಲ್ಲ. ಬಂದಿದೀರಿ ಅಂದ್ರೆ ಅವ್ಳು ಬರಲ್ಲ."

"ಕೈಗೆ ಪೆಟ್ಟಾಗಿದೆಯಂತೆ. ಇನ್ನೊಬ್ಬರನ್ನ ಹುಡುಕ್ತಿದೀನಿ."

"ಜಾಸ್ತಿ ಪೆಟ್ಟಾ?"

"ಮುರಿದಿಲ್ಲವಂತೆ."

"ಸದ್ಯ" ಎಂದಳು. "ನೆನ್ನೆ ಮೇಷ್ಟ್ರು ಹೋದ್ರು ಅಂತ ನಮ್ ರೂಮಿನ ಅಕ್ಕ ಹೇಳಿದ್ರು. ನೋಡ್ಕೊಂಡ್ ಬರೋಣ ಅಂದ್ಕೊಂಡೆ. ಪರೀಕ್ಷೆ ಬಿಟ್ಟು ಬಂದ್ಯಾ ಅಂತ ಎದ್ದು ಬೈದಾರು ಅಂತ ಕೂತು ಓದ್ದೆ." ಅವಳು ಹಣೆಯನ್ನು ಬೆರಳಿಂದ ತಟ್ಟಿಕೊಂಡಳು. "ಅದೆಲ್ಲಾ ತಲೇಲಿದೆ ಮೇಡಂ, ಅಷ್ಟೂ ತಲೇಲಿದೆ. ಇಳಿಸ್ಕೊಳೋಕೆ ಒಂದ್ ಕೈ ಬೇಕು ಅಷ್ಟೇ."

ಮುಖ್ಯ ಅಧೀಕ್ಷಕರ ಕೋಣೆಗೆ ಹೋಗಿ ವಿಷಯ ಹೇಳಿದೆ. ಅವರು ಕಟ್ಟುನಿಟ್ಟಿನ ಮನುಷ್ಯ, ಆದರೆ ಕಲ್ಲೆದೆಯವರಲ್ಲ. ತಡವಾಗಿ ಬಂದ ಪರೀಕ್ಷಾರ್ಥಿಯನ್ನು ಒಳಗೆ ಬಿಡಲು ಇರುವ ಅವಕಾಶದೊಳಗೆ ಬರೆಯುವವರು ಬಂದರೆ, ಪತ್ರ ಸರಿಯಿದ್ದರೆ, ಬದಲಾವಣೆಗೆ ಸಹಿ ಹಾಕುತ್ತೇನೆ ಎಂದರು. ಆ ಹೊತ್ತು ಮೀರಿದರೆ ನನ್ನ ಕೈಯಲ್ಲಿಲ್ಲ ಎಂದೂ ಹೇಳಿದರು. ಗಂಟೆ ಹೊಡೆಯಿತು. ಬೇರೆಯವರೆಲ್ಲ ಒಳಗೆ ಹೋದರು. ಮೆಟ್ಟಿಲ ಪಕ್ಕ ನಾವಿಬ್ಬರೇ ಉಳಿದೆವು.

ಆಗ ನನ್ನ ಕೈಯಲ್ಲಿದ್ದ ಫೋನ್ ಅಲುಗಿತು. ಪರದೆಯ ಮೇಲೆ ಮೇಷ್ಟ್ರ ಹೆಸರು. ಗ್ರೂಪಿನಲ್ಲಿ ಮೇಷ್ಟ್ರ ಸಂಖ್ಯೆಯಿಂದ ದನಿಯ ಸಂದೇಶವೊಂದು ಬಂದಿತ್ತು. ಆ ಗಳಿಗೆಯಲ್ಲಿ ಅದನ್ನು ನೋಡಿದ ಎಲ್ಲರಿಗೂ ಏನಾಗಿರಬೇಕೆಂದು ನಾನು ಊಹಿಸಬಲ್ಲೆ. ಒತ್ತಿದೆ. ಅಮ್ಮನ ದನಿ.

"ನಾನು ಕಣ್ರಪ್ಪಾ, ಮೇಷ್ಟ್ರ ಮನೆಯೋಳು. ಇವರ ಫೋನು ಬೆಳಗ್ಗೆಯಿಂದ ಒಂದೇ ಸಮ ಗುಂಯ್ ಅಂತಿತ್ತು. ನನ್ ತಂಗಿ ಓದಿ ಹೇಳಿದ್ಲು. ಬರೆಯೋಕೆ ನಂಗೆ ಬರಲ್ಲ, ಅದಕ್ಕೇ ಬಾಯಲ್ಲಿ ಹೇಳ್ತಿದೀನಿ. ಆ ಮಗೂಗೆ ಪರೀಕ್ಷೆ ಅಂತೆ. ಯಾರಾದ್ರೂ ಹೋಗ್ರೋ. ಇಲ್ಲಿಗೆ ಸಂಜೆ ಬಂದ್ರೂ ಆಯ್ತು, ನಾಳೆ ಬಂದ್ರೂ ಆಯ್ತು, ನಾವೆಲ್ಲೂ ಹೋಗಲ್ಲ. ಇದನ್ನ ಕೇಳೋದು ಬೇಕಿತ್ತಾ ಅಂತ ಯಾರೋ ಬರ್ದವ್ರಂತೆ. ಬೇಕಿತ್ತು ಕಣಪ್ಪ."

ಪಕ್ಕದಲ್ಲಿ ನಿಂತ ಹುಡುಗಿಗೂ ಅದು ಕೇಳಿಸಿತು. ಅವಳು ಕೋಲನ್ನು ಕಂಕುಳಿಂದ ತೆಗೆದು ಎರಡು ಕೈಯಲ್ಲೂ ಹಿಡಿದುಕೊಂಡಳು.

ಮುಂದಿನದನ್ನು ನಾನು ಈಗಲೂ ಬೆರಗಿನಿಂದ ನೆನೆಯುತ್ತೇನೆ. ಕಟ್ಟೆಯೊಂದು ಒಡೆದಂತೆ ಸಂದೇಶಗಳು ಬಂದವು. ತನ್ನ ಅಣ್ಣನನ್ನು ಕೇಳುತ್ತೇನೆಂದು ಒಬ್ಬಳು. ಆಟೋ ಬೇಕಿದ್ದರೆ ತಾನಿದ್ದೇನೆಂದು ಒಬ್ಬರು. ಅವುಗಳ ನಡುವೆ ಅಂದಿನ ಪತ್ರಿಕೆಗೆ ಸಂಬಂಧಪಡದ, ಹಿಂದಿನ ದಿನದಿಂದ ಎಲ್ಲರ ಗಂಟಲಲ್ಲೇ ಉಳಿದಿದ್ದ ಸಂಗತಿಗಳೂ ಹೊರಬಿದ್ದವು. ಶುಕ್ರವಾರದ ಪರೀಕ್ಷೆಯ ಕೇಂದ್ರ ಬದಲಾಗಿದೆ ಎಂದು ಒಬ್ಬರಿಗೆ ನಿನ್ನೆಯೇ ತಿಳಿದಿತ್ತು. ಮುಂದಿನ ವಾರ ಊರಿನಲ್ಲಿರುವುದಿಲ್ಲವೆಂದು ಇನ್ನೊಬ್ಬಳು ಹೇಳಬೇಕೆಂದಿದ್ದಳು. ಯಾರೂ ಯಾವುದನ್ನೂ ಬಚ್ಚಿಟ್ಟಿರಲಿಲ್ಲ. ಎಲ್ಲರೂ ಮೇಷ್ಟ್ರ ಮೇಲಿನ ಗೌರವದಿಂದ, ಮೇಷ್ಟ್ರು ಕಟ್ಟಿದ ಕೆಲಸವನ್ನು ಒಂದು ಹಗಲು ಒಂದು ರಾತ್ರಿ ನಿಲ್ಲಿಸಿಬಿಟ್ಟಿದ್ದೆವು.

ಅವೆಲ್ಲದರ ನಡುವೆ ಎರಡು ಪದ: "ನಾನು ಹೊರಟೆ." ಬೋಗಾದಿಯಲ್ಲೇ ಇದ್ದ, ಆ ವರ್ಷ ಹೊಸದಾಗಿ ಸೇರಿದ್ದ ಪಿಯುಸಿ ಹುಡುಗಿ.

ಅವಳು ಚಿಕ್ಕಪ್ಪನ ಬೈಕಿನಿಂದ ಇಳಿಯುವ ಹೊತ್ತಿಗೆ ಜೆರಾಕ್ಸ್ ಅಂಗಡಿಯವರೂ ಬಂದಿದ್ದರು. ಅವರ ಸ್ಕೂಟರಿನ ಸೀಟಿನ ಮೇಲೆಯೇ ಪತ್ರವನ್ನಿಟ್ಟು ಹೆಸರು ತುಂಬಿದೆವು, ಅವಳ ಪರ್ಸಿನಲ್ಲಿದ್ದ ಫೋಟೋ ಅಂಟಿಸಿದೆವು. ಅಂಟು ತರಲು ಮರೆಯದಿದ್ದುದಕ್ಕೆ ಅಂಗಡಿಯವರು ಬಹಳ ಹೆಮ್ಮೆಪಟ್ಟರು.

"ಬೆಳಗ್ಗೆಯೇ ನೋಡಿದ್ದೆ ಮೇಡಂ" ಎಂದಳು ಆ ಹುಡುಗಿ, ಏದುಸಿರು ಬಿಡುತ್ತ. "ರೆಡಿಯಾಗಿ ಕೂತಿದ್ದೆ. ದೊಡ್ಡೋರೇ ಯಾರೂ ಏನೂ ಹಾಕ್ಲಿಲ್ಲ, ನಾನೊಬ್ಳೇ ಹಾಕಿದ್ರೆ ಏನಂದ್ಕೊತಾರೋ ಅಂತ ಸುಮ್ನಿದ್ದೆ."

ಅಧೀಕ್ಷಕರು ಗಡಿಯಾರ ನೋಡಿದರು, ಪತ್ರ ನೋಡಿದರು, ಸಹಿ ಹಾಕಿದರು. "ಹೋಗ್ರಮ್ಮಾ, ಓಡಬೇಡಿ, ಬಿದ್ದೀರಿ" ಎಂದರು. ಒಬ್ಬರ ಮೊಣಕೈಯನ್ನು ಒಬ್ಬರು ಹಿಡಿದು ಇಬ್ಬರೂ ಮೆಟ್ಟಿಲು ಹತ್ತಿ ತಿರುವಿನಲ್ಲಿ ಮರೆಯಾದರು. ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತೆ. ಜೆರಾಕ್ಸ್ ಅಂಗಡಿಯವರು ಎದುರಿನ ಅಂಗಡಿಯಿಂದ ಎರಡು ಟೀ ತಂದರು.

"ಕುಡೀರಿ ಮೇಡಂ. ಬೆಳಗ್ಗೆಯಿಂದ ಏನೂ ತಿಂದಂಗಿಲ್ಲ."

"ಕಾಫಿ ಸೋಸ್ತಿದ್ದೆ."

"ಅದು ಇನ್ನೂ ಸೋರ್ತಾನೇ ಇರುತ್ತೆ ಬುಡಿ" ಎಂದರು. ನನಗೆ ನಗು ಬಂತು. ಜೊತೆಗೇ ಅಳುವೂ ಬಂತು. ಮೇಷ್ಟ್ರು ಹೋದರೆಂಬುದು ಅಲ್ಲಿಯವರೆಗೆ ನನಗೆ ಪೂರ್ತಿ ತಟ್ಟಿರಲಿಲ್ಲ.

ಪರೀಕ್ಷೆ ಮುಗಿಸಿ ಇಬ್ಬರೂ ಹೊರಬಂದಾಗ ಬರೆದವಳು ಬೆರಳುಗಳನ್ನು ಮಡಿಸಿ ಬಿಚ್ಚಿ ಮಾಡುತ್ತಿದ್ದಳು. ಹೇಗಾಯಿತೆಂದು ಕೇಳಿದೆ. "ಇವ್ಳು ಕುದುರೆ ಮೇಡಂ. ನಾನು ಯೋಚ್ನೆ ಮಾಡೋಕೆ ನಿಂತ್ರೆ, ಮುಂದೆ ಮುಂದೆ ಅಂತಾಳೆ" ಎಂದು ನಮ್ಮ ಹುಡುಗಿ ದೂರಿದಳು. ಅವಳ ಮುಖದಲ್ಲಿ ಬೆಳಗ್ಗೆಯ ಬಿಗಿ ಇರಲಿಲ್ಲ. ಮೂವರೂ ನೇರ ಜಯಲಕ್ಷ್ಮಿಪುರಂಗೆ ಹೋದೆವು. ಅಮ್ಮ ಹಜಾರದಲ್ಲಿ ಚಾಪೆಯ ಮೇಲೆ ಕುಳಿತಿದ್ದರು. ಹುಡುಗಿ ತಡವುತ್ತ ಹೋಗಿ ಅವರ ಕೈ ಹಿಡಿದಳು. "ಬರ್ದ್ಯಾ ಮಗಾ?" ಎಂದರು ಅಮ್ಮ. "ಬರ್ದೆ ಅಮ್ಮ." ಅಷ್ಟೇ ಮಾತು. ಅಮ್ಮ ಅವಳ ಬೆನ್ನು ಸವರಿ, "ಹೋಗು, ಏನಾದ್ರೂ ತಿನ್ನು" ಎಂದರು.

ತಿಥಿ ಮುಗಿದ ಮೇಲೆ ಹಿಂಬದಿಯ ಕೋಣೆಯಲ್ಲಿ ಸಭೆ ಸೇರಿತು. ನಾನು ಈ ಬಾರಿ ಚಿಕ್ಕದಾಗಿ ಮಾತಾಡಿದೆ. ನಾಲ್ಕು ಗ್ರೂಪು ಬೇಡ, ಬಣ್ಣ ಬೇಡ. ಕೆಲಸಕ್ಕೊಂದು, ಉಳಿದದ್ದಕ್ಕೊಂದು. ಸಾವು, ಮದುವೆ, ಹಲಸಿನ ಹಣ್ಣು ಎಲ್ಲವೂ ಎರಡನೆಯದಕ್ಕೆ. ಮೊದಲನೆಯದರಲ್ಲಿ ಯಾರ ಮನೆಯಲ್ಲಿ ಏನೇ ಆಗಲಿ ಕೆಲಸದ ಮಾತು ನಿಲ್ಲಬಾರದು, ಹಾಕಿದವರನ್ನು ಯಾರೂ ಆಕ್ಷೇಪಿಸಬಾರದು. ಮತ್ತು ಬರೆಯಲು ಹೋಗುವವರು ಹಿಂದಿನ ಸಂಜೆ "ಬರ್ತೀನಿ" ಎಂದು ಹಾಕಬೇಕು. ಹಾಕದಿದ್ದರೆ ಏನೋ ತೊಂದರೆಯಾಗಿದೆಯೆಂದು ತಿಳಿದು ನಾವೇ ಫೋನ್ ಮಾಡಬೇಕು.

ಅಂದು ಆಕ್ಷೇಪ ಬರೆದ ಹಿರಿಯ ಸದಸ್ಯರು ಎದ್ದರು. ಅವರು ಮೇಷ್ಟ್ರ ಬಾಲ್ಯದ ಗೆಳೆಯರು. "ಸಾವನ್ನ ಬೇರೆ ಕೋಣೆಗೆ ತಳ್ಳಿದಂಗಾಗಲ್ವೇನಮ್ಮ ಇದು?" ಎಂದು ಕೇಳಿದರು. ದನಿಯಲ್ಲಿ ಕೋಪವಿರಲಿಲ್ಲ, ನೋವಿತ್ತು.

ಬಾಗಿಲ ಬಳಿ ನಿಂತಿದ್ದ ಅಮ್ಮನೇ ಹೇಳಿದರು: "ಇಲ್ಲಾ ಕಣಣ್ಣ. ಒಂದೇ ಕಡೆ ಇದ್ದಿದ್ದಕ್ಕೇ ಅವತ್ತು ಎರಡೂ ಕೆಟ್ವು. ಅಳೋರು ನೆಮ್ಮದಿಯಾಗಿ ಅಳ್ಲಿಲ್ಲ, ಕೆಲ್ಸ ಮಾಡೋರು ಮಾಡ್ಲಿಲ್ಲ."

ಆ ಹಿರಿಯರು ಬಹಳ ಹೊತ್ತು ಕೈಯಲ್ಲಿದ್ದ ಕನ್ನಡಕವನ್ನು ಒರೆಸಿದರು. ಆಮೇಲೆ, "ಆಯ್ತು, ಹಂಗೇ ಮಾಡಿ" ಎಂದರು. ಮತ್ತೆ ಕೇಳುವುದು ಅವಮಾನವೆಂದ ಮೇಷ್ಟ್ರ ಮಾತನ್ನು ಮಾತ್ರ ನಾನು ಮರೆತಿರಲಿಲ್ಲ. ಒಪ್ಪಿಕೊಂಡವರನ್ನು ನಂಬಬೇಕೆಂದು ಅವರು ಹೇಳಿದ್ದು ಸರಿಯೇ. ಆ ನಂಬಿಕೆಯಲ್ಲಿ, ಬರಲಾಗುವುದಿಲ್ಲವೆಂದು ಹೇಳಲೂ ಅವರಿಗೊಂದು ಜಾಗ ಇರಬೇಕಿತ್ತು. ಅದನ್ನಷ್ಟೇ ಸೇರಿಸಿದೆವು.

ಸಭೆ ಮುಗಿಯುವಾಗ ಮೂಲೆಯಲ್ಲಿ ಕುಳಿತಿದ್ದ ನಮ್ಮ ಹುಡುಗಿ ಕೈಯೆತ್ತಿದಳು. "ಒಂದ್ ಮಾತು. ನಾನು ಈ ಗ್ರೂಪಲ್ಲಿ ಯಾಕಿಲ್ಲ?"

ನಾವು ಬರೆಯುವವರನ್ನು ಸೇರಿಸಿದ್ದೆವು, ದಾನಿಗಳನ್ನು ಸೇರಿಸಿದ್ದೆವು, ಬರೆದು ಬಿಟ್ಟುಹೋದವರನ್ನೂ ತೆಗೆದಿರಲಿಲ್ಲ. ಯಾರ ಪರೀಕ್ಷೆಯೋ ಅವರನ್ನು ಸೇರಿಸಬೇಕೆಂದು, ಎಲ್ಲವನ್ನೂ ಯೋಚಿಸುವ ನನಗೂ ಹೊಳೆದಿರಲಿಲ್ಲ. ಕಾಣದವರಿಗೆ ಗ್ರೂಪು ಏಕೆಂದು ನಾವೆಲ್ಲ ಎಣಿಸಿದ್ದೆವೇನೋ.

"ನನ್ ಫೋನು ಓದಿ ಹೇಳುತ್ತೆ ಮೇಡಂ, ನಿಮ್ಮ ಎಲ್ಲಾರ್ಗಿಂತ ಜೋರಾಗಿ" ಎಂದಳು.

"ಸೇರಿಸ್ರಪ್ಪ ಮೊದ್ಲು" ಎಂದು ನಗುತ್ತ ಹೇಳಿದವರು ಜೆರಾಕ್ಸ್ ಅಂಗಡಿಯವರು.

ಅವಳು ಪಾಸಾದಳು, ಅವಳಪ್ಪ ಮಾತು ತಪ್ಪಲಿಲ್ಲ. ಬಿ.ಎಡ್. ಸೇರಿದ ಮೇಲೆ ಮೊದಲ ಪರೀಕ್ಷೆಯ ಹಿಂದಿನ ಸಂಜೆ ನಾನು ಅವಳ ಬೋಗಾದಿಯ ಕೋಣೆಗೆ ಹೋಗಿದ್ದೆ. ಕಿಟಕಿಯಾಚೆ ಹೊಸ ಕಟ್ಟಡಕ್ಕೆ ಕಾಂಕ್ರೀಟ್ ಕಲಸುವ ಸದ್ದು. ಮಂಚದ ಮೇಲಿದ್ದ ಅವಳ ಫೋನ್ ಒಮ್ಮೆ ಅಲುಗಿ, ಯಂತ್ರದ ಆ ಏರಿಳಿತವಿಲ್ಲದ ಹೆಣ್ಣುದನಿಯಲ್ಲಿ, ಇಲವಾಲದ ಹುಡುಗಿಯ ಹೆಸರು ಹೇಳಿ ಓದಿತು: "ಬರ್ತೀನಿ. ಕೈ ಪೂರ್ತಿ ಸರಿಯಾಗಿದೆ."

ಅವಳು ಫೋನನ್ನು ಮಗುಚಿ ಹಾಕಿ, ಪಾಠದ ಧ್ವನಿಮುದ್ರಿಕೆಗೆ ಇಯರ್‌ಫೋನ್ ಸಿಕ್ಕಿಸಿಕೊಂಡಳು.

"ಸಾಕು ಮೇಡಂ, ನೀವಿನ್ನು ಹೊರಡಿ" ಎಂದಳು. "ನಾನು ಓದ್ಕೋಬೇಕು."